ಬೆಡ್‌ರೂಮಿಗೆ ವೈಫೈ ಬರ್ತಿಲ್ಲ, ಫೋನ್ ಆಪ್‌ನಲ್ಲಿ ಅಳೆದು ನೋಡೋದು ಹೇಗೆ? (ಡೊಂಬಿವಲಿ, 2 ಬಿಎಚ್‌ಕೆ)

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ನಮ್ಮದು ಡೊಂಬಿವಲಿ ಪೂರ್ವದಲ್ಲಿ 2 ಬಿಎಚ್‌ಕೆ ಫ್ಲಾಟ್, ನಾಲ್ಕನೇ ಮಹಡಿ. ಫೈಬರ್ ಲೈನ್, 200 ಎಂಬಿಪಿಎಸ್ ಪ್ಲಾನ್. ಹಾಲ್‌ನಲ್ಲಿ ಏನೂ ತೊಂದರೆ ಇಲ್ಲ. ಒಳಗಿನ ಬೆಡ್‌ರೂಮಿನಲ್ಲಿ ಕೂತು ಆಫೀಸ್ ಕಾಲ್ ಮಾಡಿದರೆ ನನ್ನ ಮುಖ ಅರ್ಧ ಬಾಯಿ ತೆರೆದುಕೊಂಡು ಅಲ್ಲೇ ನಿಂತುಬಿಡುತ್ತದೆ. ರಾತ್ರಿ ಎಂಟರ ಮೇಲೆ ಇನ್ನೂ ಜಾಸ್ತಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಮೇಡಂ" ಅಂತಾರೆ. ಕೆಳಗಿನ ಮೊಬೈಲ್ ಅಂಗಡಿಯವನು "ಬೂಸ್ಟರ್ ಹಾಕಿಸಿಬಿಡಿ" ಅಂತಾನೆ.

ದುಡ್ಡು ಹಾಕುವ ಮೊದಲು ನಾನೇ ನೋಡೋಣ ಅಂತ ವೈಫೈ ಅನಲೈಸರ್ ಆಪ್ ಹಾಕಿಕೊಂಡೆ. ತೆರೆದರೆ ಬಣ್ಣಬಣ್ಣದ ಗುಡ್ಡಗಳು, ಒಂದರ ಮೇಲೊಂದು. ನಮ್ಮದು ಹಾಲ್‌ನಲ್ಲಿ -41 ತೋರಿಸುತ್ತದೆ, ಬೆಡ್‌ರೂಮಿನಲ್ಲಿ -74. ಮೈನಸ್ ಅಂದರೆ ಏನರ್ಥ? ಈ ಗುಡ್ಡಗಳನ್ನು ಓದೋದು ಹೇಗೆ? ಸ್ಕ್ರೀನ್‌ಶಾಟ್ ಹಾಕಿದ್ದೇನೆ, ಗೊತ್ತಿರೋರು ಸ್ವಲ್ಪ ಹೇಳಿ.

ತಂತಿಮೀಟು, ಠಾಣೆ

ಮೇಡಂ, ಮೊದಲು ಆ ಸ್ಕ್ರೀನ್‌ಶಾಟ್ ತೆಗೆದುಬಿಡಿ. ಪ್ರತಿ ಹೆಸರಿನ ಕೆಳಗೆ ಎರಡೆರಡು ಅಕ್ಷರಗಳ ಉದ್ದ ಸಾಲು ಇದೆಯಲ್ಲ, ಅದು ರೂಟರಿನ ಗುರುತು, ಬಿಎಸ್‌ಎಸ್‌ಐಡಿ. ಯಾವ ರೂಟರ್ ಎಲ್ಲಿದೆ ಅಂತ ಮ್ಯಾಪ್ ಮೇಲೆ ಚುಕ್ಕೆ ಇಟ್ಟ ಸಾರ್ವಜನಿಕ ಪಟ್ಟಿಗಳಿವೆ. ವಿಗಲ್ ಅನ್ನೋದು 2001ರಿಂದಲೂ ನಡೆಯುತ್ತಿದೆ. ಆ ಸಾಲು ಹಿಡಿದುಕೊಂಡು ನಿಮ್ಮ ಬಿಲ್ಡಿಂಗ್ ತನಕ ಬರಬಹುದು. ಆಪ್ ಲೊಕೇಶನ್ ಪರ್ಮಿಷನ್ ಕೇಳೋದೂ ಇದೇ ಕಾರಣಕ್ಕೆ. ಸುತ್ತಲಿನ ವೈಫೈ ಪಟ್ಟಿ ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ಸಿಕ್ಕ ಹಾಗೇ. ಹಾಗಾಗಿ ಆಂಡ್ರಾಯ್ಡ್ 6ರಿಂದ ಲೊಕೇಶನ್ ಕೊಡದೆ ಆ ಪಟ್ಟಿ ಆಪ್‌ಗೆ ಸಿಗುವುದಿಲ್ಲ. ಸಾಲುಗಳನ್ನು ಅಳಿಸಿ ಮತ್ತೆ ಹಾಕಿ.

ಈಗ ನಂಬರಿನ ವಿಷಯ. ಅದು ಡಿಬಿಎಂ ಲೆಕ್ಕ, ಅಂದರೆ ಸಿಗ್ನಲ್ ಶಕ್ತಿಯ ಅಳತೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಗಟ್ಟಿ. 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. -41ರಿಂದ -74 ಅಂದರೆ 33 ಇಳಿದಿದೆ. ಹಾಲ್‌ನಲ್ಲಿ ಸಿಗೋದರ ಎರಡು ಸಾವಿರದಲ್ಲಿ ಒಂದು ಪಾಲು ನಿಮ್ಮ ಮಂಚದ ಹತ್ತಿರ ಬರುತ್ತಿದೆ. ಹೆದರಬೇಡಿ, ವೈಫೈಗೆ ಅಷ್ಟು ಇಳಿತ ಹೊಸದಲ್ಲ. -67ರ ತನಕ ವಿಡಿಯೊ ಕಾಲ್ ಆರಾಮವಾಗಿ ನಡೆಯುತ್ತದೆ. -70 ದಾಟಿದರೆ ಮುಗ್ಗರಿಸೋಕೆ ಶುರು. -80ರಲ್ಲಿ ಹೆಸರು ಕಾಣುತ್ತದೆ, ಕೆಲಸ ಆಗೋದಿಲ್ಲ.

ಆದರೆ ಗುಡ್ಡ ನೋಡುತ್ತಾ ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ತೊಂದರೆ ಮನೆಯೊಳಗಿನ ಗಾಳಿಯಲ್ಲಿದೆಯೋ, ರೂಟರ್ ಆಚೆಗಿನ ಲೈನಿನಲ್ಲಿದೆಯೋ? ಇದಕ್ಕೆ ಪಿಂಗ್ ಮಾಡೋ, ಅಂದರೆ ಸಣ್ಣ ಸಂದೇಶ ಕಳಿಸಿ ಅದು ಎಷ್ಟು ಹೊತ್ತಿಗೆ ವಾಪಸ್ ಬರುತ್ತೆ ಅಂತ ಅಳೆಯೋ, ಯಾವ ಆಪ್ ಆದರೂ ಸಾಕು. ಪಿಂಗ್‌ಟೂಲ್ಸ್ ಆಗಬಹುದು, ವೈಫೈಮ್ಯಾನ್ ಆಗಬಹುದು. ಬೆಡ್‌ರೂಮಿನಲ್ಲಿ ಕೂತು ರೂಟರಿಗೇ ಪಿಂಗ್ ಮಾಡಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಆಮೇಲೆ ಹೊರಗಿನ ಇಂಟರ್ನೆಟ್‌ನಲ್ಲಿರೋ ಗೂಗಲ್ ಸರ್ವರ್ 8.8.8.8ಕ್ಕೆ ಮಾಡಿ. ರೂಟರಿಗೇ ಹೋಗಿ ಬರೋದು ಏರುಪೇರು ಆದರೆ ವೈಫೈ ತೊಂದರೆ. ರೂಟರಿಗೆ ನೆಟ್ಟಗೆ ಹೋಗಿ 8.8.8.8ಕ್ಕೆ ಮಾತ್ರ ಎಗರಿದರೆ ಲೈನ್ ತೊಂದರೆ, ಆಗ ಕಸ್ಟಮರ್ ಕೇರ್ ಜೊತೆ ಜಗಳ ಆಡೋದಕ್ಕೆ ಅರ್ಥ ಇದೆ.

ವಾಕಡ್ ವೀಕೆಂಡ್, ಪುಣೆ

ಇಷ್ಟೆಲ್ಲ ಯಾಕೆ ಸರ್? ಅವರ ಸ್ಕ್ರೀನ್‌ಶಾಟ್‌ನಲ್ಲೇ ಕಾಣುತ್ತಿತ್ತು. ಚಾನೆಲ್ ಅಂದರೆ ವೈಫೈ ಓಡೋ ಓಣಿ, ಅದರಲ್ಲಿ 1, 6, 11ರಲ್ಲಿ ಜನವೋ ಜನ. 3 ಮತ್ತು 9 ಖಾಲಿ. ರೂಟರ್ ಸೆಟ್ಟಿಂಗಿಗೆ ಹೋಗಿ ಚಾನೆಲ್ 3 ಹಾಕಿದರೆ ಮುಗೀತು.

ತಂತಿಮೀಟು, ಠಾಣೆ

ಅದೊಂದನ್ನು ಮಾಡಬೇಡಿ. 2.4 ಗಿಗಾಹರ್ಟ್ಸ್ ಅನ್ನೋ ವೈಫೈಯ ಹಳೇ ರೇಡಿಯೊ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 1ರಿಂದ 13ರ ತನಕ ಚಾನೆಲ್ ಇದೆ, ನಿಜ. ಆದರೆ ಒಂದರಿಂದ ಇನ್ನೊಂದಕ್ಕೆ ಬರೀ 5 ಮೆಗಾಹರ್ಟ್ಸ್ ಅಂತರ. ವೈಫೈಗೆ ಬೇಕಾಗೋದು ಕಡಿಮೆ ಅಂದರೂ 20. ಹಾಗಾಗಿ 3ರಲ್ಲಿ ಕೂತವನು 1ಕ್ಕೂ ತಾಗುತ್ತಾನೆ, 6ಕ್ಕೂ ತಾಗುತ್ತಾನೆ. ಆ "ಖಾಲಿ" ಚಿತ್ರದಲ್ಲಿ ಮಾತ್ರ ಖಾಲಿ.

ಒಂದೇ ಚಾನೆಲ್‌ನಲ್ಲಿ ಇರೋ ರೂಟರ್‌ಗಳು ಚಾಳಿನ ನಲ್ಲಿ ಮುಂದೆ ಕೊಡ ಹಿಡಿದು ನಿಂತ ಹಾಗೆ. ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ, ಸರದಿ ಬರುವ ತನಕ ಕಾಯುತ್ತಾರೆ. ನೀವು 3ಕ್ಕೆ ಹೋದರೆ ಕ್ಯೂನಲ್ಲೂ ಇಲ್ಲ, ಮನೆಗೂ ಹೋಗಿಲ್ಲ, ಪಕ್ಕದಲ್ಲಿ ನಿಂತು ಕೂಗುತ್ತಾ ಇರುತ್ತೀರಿ. ಅವರ ಸರದಿಯೂ ಹಾಳು, ನಿಮ್ಮದೂ ಹಾಳು. ಒಂದಕ್ಕೊಂದು ತಾಗದ 1, 6, 11ರಲ್ಲಿ ಯಾವುದರಲ್ಲಿ ಗಟ್ಟಿ ಸಿಗ್ನಲ್‌ನ ನೆರೆಯವರು ಕಡಿಮೆಯೋ ಅದಕ್ಕೆ ಹೋಗಿ. ಚಾನೆಲ್ ಅಗಲ 20ಕ್ಕೇ ಇಡಿ. ಎಷ್ಟೋ ರೂಟರ್‌ಗಳಲ್ಲಿ 40 ಅಂತ ಇರುತ್ತದೆ. ಫ್ಲಾಟ್‌ಗಳ ಮಧ್ಯೆ 2.4ರಲ್ಲಿ 40 ಹಾಕಿದರೆ ಅರ್ಧ ಜಾಗ ನೀವೇ ನುಂಗಿದಂತೆ, ಆಮೇಲೆ ಎಲ್ಲರ ಗಲಾಟೆಯೂ ನಿಮ್ಮ ತಲೆ ಮೇಲೆ.

12, 13 ಖಾಲಿ ಕಂಡರೂ ಜೋಪಾನ. ಅಮೆರಿಕದಿಂದ ತಂದ ಲ್ಯಾಪ್‌ಟಾಪ್, ಫೋನ್ ಇದ್ದರೆ ಅವುಗಳಿಗೆ ಆ ಚಾನೆಲ್ ಕಾಣದೇ ಇರಬಹುದು.

ವಾಕಡ್ ವೀಕೆಂಡ್, ಪುಣೆ

ಒಪ್ಪಿದೆ, 3ರ ಮಾತು ವಾಪಸ್. ಆದರೆ ಆಟೋ ಇಟ್ಟರೆ ರೂಟರೇ ನೋಡಿಕೊಳ್ಳುತ್ತದೆ ಅಲ್ವಾ? ನಮ್ಮ ಸೊಸೈಟಿಯಲ್ಲಿ ಎಲ್ಲರದ್ದೂ ಆಟೋ. ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ತಂತಿಮೀಟು, ಠಾಣೆ

ಒಳ್ಳೆಯ ರೂಟರ್ ಆದರೆ ನೋಡಿಕೊಳ್ಳುತ್ತದೆ. ಕಂಪನಿಯವರು ಫ್ರೀ ಕೊಡೋ ಎಷ್ಟೋ ಪೆಟ್ಟಿಗೆಗಳು ಆನ್ ಆದಾಗ ಒಂದು ಸಲ ನೋಡಿ ಕೂತುಬಿಡುತ್ತವೆ. ಮಧ್ಯಾಹ್ನ ಎಲ್ಲರೂ ಆಫೀಸಿನಲ್ಲಿದ್ದಾಗ ಕರೆಂಟ್ ಹೋಗಿ ಬಂದರೆ, ರಾತ್ರಿಯ ಜಂಗುಳಿ ಅದಕ್ಕೆ ಗೊತ್ತೇ ಇರೋದಿಲ್ಲ. ಒಂದು ವಾರ ಆಟೋ, ಒಂದು ವಾರ ಕೈಯಲ್ಲಿ ಹಾಕಿ ನೋಡಿ, ನಿಮ್ಮ ಮನೆಗೆ ಯಾವುದು ವಾಸಿ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಗುಡ್ಡದ ಎತ್ತರ ತೋರಿಸೋದು ಸಿಗ್ನಲ್ ಎಷ್ಟು ಗಟ್ಟಿ ಅನ್ನೋದನ್ನು. ಅದು ಎಷ್ಟು ಕೆಲಸ ಮಾಡುತ್ತಿದೆ ಅನ್ನೋದನ್ನಲ್ಲ. ಎತ್ತರದ ಗುಡ್ಡದವರು ಊರಿಗೆ ಹೋಗಿ ಬೀಗ ಹಾಕಿರಬಹುದು. ಕುಳ್ಳ ಗುಡ್ಡದವರ ಮನೆಯಲ್ಲಿ ದಿನವಿಡೀ ಕ್ರಿಕೆಟ್ ಓಡುತ್ತಿರಬಹುದು. ಎರಡನೆಯವರಿಂದಲೇ ತೊಂದರೆ ಜಾಸ್ತಿ. ಮೂವತ್ತು ಹೆಸರು ಕಂಡರೆ ಮೂವತ್ತು ಮನೆ ಅಂತಲೂ ಅಲ್ಲ. ಒಂದೇ ರೂಟರ್ 2.4, 5, ಗೆಸ್ಟ್ ಅಂತ ಮೂರ್ನಾಲ್ಕು ಹೆಸರಲ್ಲಿ ಕಾಣುತ್ತದೆ.

ಮಾಟುಂಗಾ ಫಿಲ್ಟರ್

ನಾನು ರಿಟೈರ್ ಆದವನು, ನಿಮ್ಮಷ್ಟು ಗೊತ್ತಿಲ್ಲ. ನಮ್ಮ ಹಳೇ ಬಿಲ್ಡಿಂಗಿನ ಗೋಡೆ ಮೊಳ ದಪ್ಪ. ಮಗ ಬಂದವನೇ ಹಾಲ್‌ನಿಂದ ಒಳಗಿನ ರೂಮಿಗೆ ಒಂದು ವೈರ್ ಎಳೆಸಿ, ಅಲ್ಲಿ ಇನ್ನೊಂದು ಡಬ್ಬಿ ಇಟ್ಟ. ಯಾವ ಆಪೂ ನೋಡಲಿಲ್ಲ. ಯೂಟ್ಯೂಬ್‌ನಲ್ಲಿ ಯಕ್ಷಗಾನ ನಿಲ್ಲದೆ ಓಡುತ್ತದೆ. ವೈರ್ ಎಳೆಯಿರಿ ಮಗಳೇ, ಸುಮ್ನೆ ಗುಡ್ಡ ಎಣಿಸಬೇಡಿ.

ತಂತಿಮೀಟು, ಠಾಣೆ

ರಾಯರೇ, ನಿಮ್ಮ ಮಗ ಮಾಡಿದ್ದು ನೂರಕ್ಕೆ ನೂರು ಸರಿ. ವೈರ್‌ಗೆ ಸಮ ಯಾವುದೂ ಇಲ್ಲ. ಆದರೆ ಇವರದ್ದು ಬಾಡಿಗೆ ಮನೆ ಆಗಿದ್ದರೆ ಗೋಡೆ ಕೊರೆಯೋಕೆ ಓನರ್ ಬಿಡಬೇಕಲ್ಲ.

ಡೊಂಬಿವಲಿ ಫಾಸ್ಟ್

ಸ್ವಂತ ಮನೆಯೇ, ಆದರೆ ಹೋದ ವರ್ಷ ತಾನೇ ಪೇಂಟ್ ಮಾಡಿಸಿದ್ದು. ಗೋಡೆ ಮುಟ್ಟಿದರೆ ಅತ್ತೆ ಬಿಡೋದಿಲ್ಲ.

ಪಿಂಗ್ ಮಾಡಿದೆ ಸರ್. ಹಾಲ್‌ನಲ್ಲಿ ರೂಟರಿಗೆ 3, 4 ಮಿಲಿಸೆಕೆಂಡ್, ಅಲುಗಾಡೋದಿಲ್ಲ. ಬೆಡ್‌ರೂಮಿನಲ್ಲಿ ಅದೇ ರೂಟರಿಗೆ 12, 180, 9, 310, ನಡುವೆ ಒಂದೊಂದು ಹೋಗೇ ಇಲ್ಲ. ಹಾಲ್‌ನಿಂದ 8.8.8.8ಕ್ಕೆ ಚೆನ್ನಾಗಿದೆ. ಅಂದರೆ ಕಂಪನಿಯವರು ಹೇಳಿದ್ದು ನಿಜವೇ ಅನ್ನಿ. ಹೊಟ್ಟೆ ಉರೀತು.

ಇನ್ನೊಂದು ಕಂಡಿತು. ಬೆಡ್‌ರೂಮಿನಲ್ಲಿ ಫೋನ್ 2.4ಕ್ಕೆ ಕೂತಿದೆ, ಲಿಂಕ್ ಸ್ಪೀಡ್ 43 ಅಂತ ಇದೆ. ಹಾಲ್‌ನಲ್ಲಿ 5 ಗಿಗಾಹರ್ಟ್ಸ್, 866. ಎರಡಕ್ಕೂ ಒಂದೇ ಹೆಸರು. ಮತ್ತೆ ನಮ್ಮ ವಿಂಗ್‌ನಲ್ಲಿ ಒಬ್ಬರ ವೈಫೈ ಹೆಸರು "ಮೇಂಟೆನೆನ್ಸ್ ಕಟ್ಟಿ" ಅಂತಿದೆ, ಸೆಕ್ರೆಟರಿಯದ್ದೇ ಇರಬೇಕು.

ತಂತಿಮೀಟು, ಠಾಣೆ

ಸೆಕ್ರೆಟರಿಗೆ ನಮಸ್ಕಾರ ಹೇಳಿ.

ಲಿಂಕ್ ಸ್ಪೀಡ್ ಅಂದರೆ ಫೋನೂ ರೂಟರೂ ಒಪ್ಪಿಕೊಂಡ ವೇಗ, ಇಂಟರ್ನೆಟ್ ವೇಗ ಅಲ್ಲ. ಕೈಗೆ ಸಿಗೋದು ಅದರ ಅರ್ಧ, ಹೆಚ್ಚೆಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. 43ರಲ್ಲಿ ನಿಮಗೆ ಇಪ್ಪತ್ತು ಚಿಲ್ಲರೆ, ಅದೂ ಅಕ್ಕಪಕ್ಕದವರು ಸರದಿ ಬಿಟ್ಟುಕೊಟ್ಟರೆ. ರಾತ್ರಿ ಎಂಟಕ್ಕೆ ಜಾಸ್ತಿ ಆಗೋದು ಯಾಕೆ ಅಂತ ಇದರಲ್ಲೇ ಇದೆ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 2.4 ಅನ್ನು ನಮ್ಮಲ್ಲಿ 2005ರಲ್ಲೇ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟರು, 5ರ ಬಹುಪಾಲು ಬಿಟ್ಟದ್ದು 2018ರಲ್ಲಿ. ಆದರೆ ಅದು ದೂರ ಹೋಗೋದಿಲ್ಲ. ಬರೀ ಬಯಲಿನಲ್ಲೇ 2.4ಕ್ಕಿಂತ ಸುಮಾರು 7 ಡಿಬಿ ಕಡಿಮೆ ಸಿಗುತ್ತದೆ, ಗೋಡೆಯ ಪಾಲು ಮೇಲೆ ಬೇರೆ. ಹಾಗಾಗಿ ಕೆಲಸ ಒಂದೇ: ಬೆಡ್‌ರೂಮಿಗೆ 5ರ ಸಿಗ್ನಲ್ -67 ಒಳಗೆ ತಲುಪಿಸೋದು. ರೂಟರ್ ಪೆಟ್ಟಿಗೆ ಎಲ್ಲಿದೆ ಹೇಳಿ? ಫೋನ್ ಹಿಡಿದು ಅಲ್ಲಿಂದ ಬೆಡ್‌ರೂಮಿನ ತನಕ ನಡೆದು ನಂಬರ್ ಬರೆದುಕೊಳ್ಳಿ. ಎಲ್ಲಿ ಒಂದೇ ಸಲ ಧುಮುಕುತ್ತದೋ ಅಲ್ಲೇ ಕಳ್ಳ ಇದ್ದಾನೆ. ಫೋನನ್ನು ಒಂದೇ ಎತ್ತರದಲ್ಲಿ, ಒಂದೇ ರೀತಿ ಹಿಡಿಯಿರಿ. ಮಧ್ಯದಲ್ಲಿ ಫೋನ್ ಬದಲಿಸಬೇಡಿ, ಒಂದೊಂದು ಫೋನಿಗೆ ನಾಲ್ಕೈದು ಡಿಬಿ ವ್ಯತ್ಯಾಸ ಸಾಮಾನ್ಯ.

ವಾಕಡ್ ವೀಕೆಂಡ್, ಪುಣೆ

ಒಂದು ಸೇರಿಸ್ತೀನಿ. ಬೇಗ ಬೇಗ ನಡೆದರೆ ನಂಬರ್ ಹಳೇದೇ ಇರುತ್ತದೆ. ಆಂಡ್ರಾಯ್ಡ್ 9ರಿಂದ ಒಂದು ಆಪ್‌ಗೆ 2 ನಿಮಿಷಕ್ಕೆ 4 ಸ್ಕ್ಯಾನ್ ಅಷ್ಟೇ. ಆಂಡ್ರಾಯ್ಡ್ 10ರಿಂದ ಡೆವಲಪರ್ ಆಪ್ಷನ್ಸ್‌ನಲ್ಲಿ ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್ ಅಂತ ಇದೆ, ಅದನ್ನು ಆಫ್ ಮಾಡಬಹುದು. ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಆ ಮೆನು ತೆರೆಯುತ್ತದೆ. ಕೆಲಸ ಆದ ಮೇಲೆ ವಾಪಸ್ ಆನ್ ಮಾಡಿ, ಇಲ್ಲಾಂದ್ರೆ ಬ್ಯಾಟರಿ ತಿನ್ನುತ್ತದೆ.

ತಂತಿಮೀಟು, ಠಾಣೆ

ಇದು ಸರಿಯಾದ ಮಾತು. ನೀವು ಕನೆಕ್ಟ್ ಆಗಿರೋ ವೈಫೈಯ ನಂಬರಿಗೆ ಆ ತಡೆ ಇಲ್ಲ, ಅಕ್ಕಪಕ್ಕದವರ ಪಟ್ಟಿಗೆ ಮಾತ್ರ. ಆದರೂ ಒಂದೊಂದು ಜಾಗದಲ್ಲಿ ಅರ್ಧ ನಿಮಿಷ ನಿಲ್ಲಿ.

ಕೊಥ್ರೂಡ್ ಕಟ್ಟೆ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಮನೆಯಲ್ಲಿ ಎಲ್ಲ ಐಫೋನ್. ಆಪ್ ಸ್ಟೋರ್‌ನಲ್ಲಿ ಹುಡುಕಿದರೆ ವೈಫೈ ಅನಲೈಸರ್ ಹೆಸರಿನವು ಬೇಕಾದಷ್ಟು ಸಿಗುತ್ತವೆ, ಒಂದರಲ್ಲೂ ಆ ಗುಡ್ಡ ಬರೋದಿಲ್ಲ. ಸ್ಪೀಡ್ ಟೆಸ್ಟ್ ತೋರಿಸಿ ದುಡ್ಡು ಕೇಳುತ್ತವೆ.

ತಂತಿಮೀಟು, ಠಾಣೆ

ಬರೋದೂ ಇಲ್ಲ. ಸುತ್ತಲಿನ ವೈಫೈಗಳನ್ನು ಸ್ಕ್ಯಾನ್ ಮಾಡೋಕೆ ಆಪಲ್ ಬೇರೆಯವರ ಆಪ್‌ಗಳಿಗೆ ಬಿಟ್ಟಿಲ್ಲ. ಆಪಲ್‌ನವರದ್ದೇ ಏರ್‌ಪೋರ್ಟ್ ಯುಟಿಲಿಟಿ ಅಂತ ಫ್ರೀ ಆಪ್ ಇದೆ. ಹಾಕಿಕೊಂಡು, ಆಪ್ ಒಳಗಲ್ಲ, ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಏರ್‌ಪೋರ್ಟ್ ಯುಟಿಲಿಟಿ ಅಡಿಯಲ್ಲಿ ವೈಫೈ ಸ್ಕ್ಯಾನರ್ ಆನ್ ಮಾಡಿ. ಆಮೇಲೆ ಆಪ್ ತೆರೆದರೆ ಮೂಲೆಯಲ್ಲಿ ಸ್ಕ್ಯಾನ್ ಬರುತ್ತದೆ. ಚಿತ್ರ ಇಲ್ಲ, ಪಟ್ಟಿ ಇದೆ: ಹೆಸರು, ಚಾನೆಲ್, ಡಿಬಿಎಂ. ಬೇಕಾದ್ದು ಅಷ್ಟೇ ತಾನೇ. ಮ್ಯಾಕ್ ಲ್ಯಾಪ್‌ಟಾಪ್ ಇದ್ದರೆ ಆಪ್ಷನ್ ಕೀ ಒತ್ತಿಕೊಂಡು ಮೇಲಿನ ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿ. ಸಿಗ್ನಲ್, ನಾಯ್ಸ್, ಚಾನೆಲ್ ಎಲ್ಲ ಅಲ್ಲೇ ಬರುತ್ತದೆ.

ಹಾಗೇ ಒಂದು ಎಚ್ಚರಿಕೆ. "ವೈಫೈ ಬೂಸ್ಟರ್" ಅನ್ನೋ ಹೆಸರಿನ ಆಪ್‌ಗಳನ್ನು ಯಾರೂ ಹಾಕಬೇಡಿ. ಆಪ್ ಹಾಕಿದ್ದಕ್ಕೆ ರೂಟರಿನ ಆಂಟೆನಾ ಬಲವಾಗೋದಿಲ್ಲ. ಜಾಹೀರಾತು ಮಾತ್ರ ಬಲವಾಗಿ ಬರುತ್ತದೆ.

ಡೊಂಬಿವಲಿ ಫಾಸ್ಟ್

ನಡೆದು ಬರೆದುಕೊಂಡೆ. ಎಲ್ಲ 5 ಗಿಗಾಹರ್ಟ್ಸ್‌ದು. ಪೆಟ್ಟಿಗೆ ಇರೋದು ಮೇನ್ ಬಾಗಿಲ ಹತ್ತಿರ, ಶೂ ರ್ಯಾಕ್‌ನ ಒಳಗೆ, ಬಾಗಿಲು ಮುಚ್ಚಿಟ್ಟು. ಡಕ್ಟ್ ಅಲ್ಲೇ ಇರೋದರಿಂದ ಲೈನ್ ಹಾಕೋಕೆ ಬಂದ ಹುಡುಗ ಅಲ್ಲೇ ಇಟ್ಟು ಹೋದ. ಸೋಫಾ ಹತ್ತಿರ -44. ಊಟದ ಟೇಬಲ್ -52. ಪ್ಯಾಸೇಜ್ -58. ಬೆಡ್‌ರೂಮ್ ಬಾಗಿಲಲ್ಲಿ -64. ಬಾಗಿಲು ದಾಟಿ ಎಡಕ್ಕೆ ತಿರುಗಿ ನನ್ನ ಟೇಬಲ್‌ಗೆ ಬಂದರೆ -81! ನಾಲ್ಕು ಹೆಜ್ಜೆಯಲ್ಲಿ ಇಷ್ಟು!

ಬೈನಾ ಬ್ರಾಡ್‌ಬ್ಯಾಂಡ್, ವಾಸ್ಕೊ

ನಾನು ಈ ಲೈನ್ ಹಾಕೋ ಕೆಲಸದಲ್ಲೇ ಇರೋನು. ನೋಡದೇ ಹೇಳ್ತೀನಿ ಅಕ್ಕ, ಆ ಟೇಬಲ್ ಮತ್ತೆ ಪ್ಯಾಸೇಜ್ ನಡುವಿನ ಗೋಡೆಗೆ ಉಕ್ಕಿನ ಕಪಾಟು ಇದೆ. ಕನ್ನಡಿ ಇದ್ದರೆ ಇನ್ನೂ ಚೆನ್ನ.

ಡೊಂಬಿವಲಿ ಫಾಸ್ಟ್

ಅಯ್ಯೋ, ಇದೆ! ಅತ್ತೆಯ ಕಪಾಟು, ಉದ್ದ ಕನ್ನಡಿ ಬೇರೆ. ಅದನ್ನು ಸರಿಸೋ ಮಾತೇ ಇಲ್ಲ, ಸೀರೆ ತೆಗೆದರೆ ಮನೆ ತುಂಬುತ್ತದೆ.

ಬೈನಾ ಬ್ರಾಡ್‌ಬ್ಯಾಂಡ್, ವಾಸ್ಕೊ

ಕಪಾಟು ಇರಲಿ, ಟೇಬಲ್ ಸರಿಸಿ ನೋಡಿ. ಬಾಗಿಲಿಂದ ನೇರ ಕಾಣೋ ಹಾಗೆ. ಕಬ್ಬಿಣ, ಕನ್ನಡಿಯ ಹಿಂದಿನ ಲೇಪ, ನೀರಿನ ಟ್ಯಾಂಕ್, ಅಕ್ವೇರಿಯಂ, ಇವು ಸಿಗ್ನಲ್ ಆಚೆ ಬಿಡೋದಿಲ್ಲ. ಸಾದಾ ಇಟ್ಟಿಗೆ ಗೋಡೆ ಅಷ್ಟು ತೊಂದರೆ ಕೊಡೋದಿಲ್ಲ, ಕಾಂಕ್ರೀಟ್ ಕೊಡುತ್ತದೆ.

ಮೇಲೆ ಶೂ ರ್ಯಾಕ್! ನಾವು ಗೋಡೆ ಮೇಲೆ ಎತ್ತರಕ್ಕೆ ಹೊಡೀತೀವಿ ಅಂದರೆ ಎಷ್ಟೋ ಮನೆಯವರು "ಕಾಣಬಾರದು" ಅಂತಾರೆ. ಟಿವಿ ಹಿಂದೆ, ಫಾಲ್ಸ್ ಸೀಲಿಂಗ್ ಮೇಲೆ, ದೇವರ ಮನೆ ಪಕ್ಕದ ಡ್ರಾಯರ್‌ನಲ್ಲಿ, ಎಲ್ಲ ನೋಡಿದ್ದೇನೆ. ಪೆಟ್ಟಿಗೆಯನ್ನು ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ ಇಡಿಸಿ. ಆದರೆ ನೀವೇ ಎಳೆಯಬೇಡಿ. ಫೈಬರ್ ತೆಳ್ಳಗಿನ ಗಾಜು, ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅಂತ ಕೆಂಪು ದೀಪ ಉರಿದರೆ ಬೆಳಕು ಬರ್ತಿಲ್ಲ ಅಂತ ಅರ್ಥ. ಯಾವ ವೈಫೈ ಆಪೂ ಅದನ್ನು ಹೇಳೋದಿಲ್ಲ. ಉದ್ದ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರೋ ಫೈಬರ್ ತುಂಡು) ಹಾಕಿ ಜರುಗಿಸಿಕೊಡಿ ಅಂತ ಕಂಪ್ಲೇಂಟ್ ಹಾಕಿ, ಹುಡುಗ ಬಂದು ಮಾಡಿಕೊಡುತ್ತಾನೆ. ಚಹಾ ಕೊಡಿ ಪಾಪ.

ಡೊಂಬಿವಲಿ ಫಾಸ್ಟ್

ಆಯ್ತು. ಪೆಟ್ಟಿಗೆ ಈಗ ಹಾಲ್ ಮತ್ತು ಪ್ಯಾಸೇಜ್ ಸೇರುವ ಮೂಲೆಯಲ್ಲಿ, ಗೋಡೆ ಮೇಲೆ. ನನ್ನ ಟೇಬಲ್ ಕಿಟಕಿ ಪಕ್ಕಕ್ಕೆ ಹೋಯಿತು. ಅಲ್ಲಿ 5ರಲ್ಲಿ -61. ರೂಟರಿಗೆ ಪಿಂಗ್ 4, 5, 4, 6. ನಿನ್ನೆ ರಾತ್ರಿ ಒಂಬತ್ತಕ್ಕೆ ಕಾಲ್ ಮಾಡಿದೆ, ಒಂದು ಸಲವೂ ನಿಲ್ಲಲಿಲ್ಲ. ಖರ್ಚು ಪ್ಯಾಚ್ ಕಾರ್ಡ್‌ದು ಮತ್ತು ಚಹಾದ್ದು. ತಂತಿಮೀಟು ಸರ್, ಬೈನಾ ಅಣ್ಣ, ತುಂಬಾ ಥ್ಯಾಂಕ್ಸ್.

ವಾಕಡ್ ವೀಕೆಂಡ್, ಪುಣೆ

ಸೂಪರ್. ಈಗ 5ರಲ್ಲಿ ಚಾನೆಲ್ 100ರ ಮೇಲಿನದ್ದು ಹಾಕಿ, ಅಲ್ಲಿ ಯಾರೂ ಇರೋದಿಲ್ಲ.

ತಂತಿಮೀಟು, ಠಾಣೆ

ಯಾರೂ ಇಲ್ಲದಿರೋದಕ್ಕೆ ಕಾರಣ ಇದೆ. 52ರಿಂದ 64, 100ರಿಂದ 144, ಇವು ರಾಡಾರ್ ಜೊತೆ ಹಂಚಿಕೊಳ್ಳೋ ಚಾನೆಲ್‌ಗಳು. ರೂಟರ್ ಅಲ್ಲಿಗೆ ಹೋಗೋ ಮೊದಲು ಕಡಿಮೆ ಅಂದರೂ ಒಂದು ನಿಮಿಷ ಸುಮ್ಮನೆ ಕೂತು ಕೇಳಬೇಕು. ಆಮೇಲೂ ರಾಡಾರ್ ಕೇಳಿಸಿದರೆ ತಕ್ಷಣ ಜಾಗ ಖಾಲಿ ಮಾಡಬೇಕು. ಅಂಧೇರಿ ಕಡೆಯ ವೆರಾವಲಿಯಲ್ಲಿ ಹವಾಮಾನ ಇಲಾಖೆಯ ಸಿ-ಬ್ಯಾಂಡ್ (5 ಗಿಗಾಹರ್ಟ್ಸ್ ಸುತ್ತಿನ) ರಾಡಾರ್ ಇದೆ, ಇಂಥ ರಾಡಾರ್‌ಗಳಿಗಾಗಿಯೇ ಈ ನಿಯಮ. ಎಲ್ಲ ರೂಟರ್‌ಗಳಲ್ಲಿ ಈ ಚಾನೆಲ್ ಇರೋದೂ ಇಲ್ಲ. ಮೀಟಿಂಗ್ ಮಧ್ಯೆ ವೈಫೈ ಮಾಯ ಆಗೋದು ಬೇಡ ಅಂದರೆ 36ರಿಂದ 48 ಅಥವಾ 149ರಿಂದ 161ರಲ್ಲಿ ಇರಿ.

ಕೊಥ್ರೂಡ್ ಕಟ್ಟೆ

ಏರ್‌ಪೋರ್ಟ್ ಯುಟಿಲಿಟಿ ಕೆಲಸ ಮಾಡಿತು, ಧನ್ಯವಾದ. ಈಗ ನನ್ನ ಎರಡು ಪ್ರಶ್ನೆ.

ಒಂದು, ನಮ್ಮದು 300ರ ಪ್ಲಾನ್. ರೂಟರ್ ಪಕ್ಕ ನಿಂತು ಸ್ಪೀಡ್ ಟೆಸ್ಟ್ ಮಾಡಿದರೂ 94. ಬೆಳಗ್ಗೆ ಮಾಡಿದರೂ 94, ನಡುರಾತ್ರಿ ಮಾಡಿದರೂ 94. ಸಿಗ್ನಲ್ -38.

ಎರಡು, ಫಿಂಗ್ ಅನ್ನೋ ಆಪ್ ಹಾಕಿ ಮನೆಯ ನೆಟ್‌ವರ್ಕ್ ಸ್ಕ್ಯಾನ್ ಮಾಡಿದೆ. ಹದಿನಾಲ್ಕು ಡಿವೈಸ್! ನಾವಿರೋದು ನಾಲ್ಕು ಜನ. ಎಸ್ಪ್ರೆಸಿಫ್ ಅಂತ ಯಾರೋ ಮೂವರು ಕೂತಿದ್ದಾರೆ. ಮೇಲಿನ ಮನೆ ಹುಡುಗರ ಮೇಲೆ ನನಗೆ ಮೊದಲಿಂದಲೂ ಸಂಶಯ.

ತಂತಿಮೀಟು, ಠಾಣೆ

94 ಅಂತ ಗೀಟು ಎಳೆದ ಹಾಗೆ ನಿಂತರೆ ವೈಫೈ ಅಲ್ಲ, ವೈರ್. ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ಪೋರ್ಟ್ ಇದೆ, ಇಲ್ಲಾ ಕೇಬಲ್‌ನ ಎಂಟು ಎಳೆಗಳಲ್ಲಿ ನಾಲ್ಕೇ ಕೂತಿವೆ. 100ರ ಪೋರ್ಟಿನಲ್ಲಿ ಹೆಡರ್, ಗಿಡರ್ ಎಲ್ಲ ಕಳೆದು ಸಿಗೋದು 94, 95. ಕಂಪನಿಯ ಪೆಟ್ಟಿಗೆಯಿಂದ ನಿಮ್ಮ ರೂಟರಿಗೆ ಹೋಗೋ ತುಂಡು ಕೇಬಲ್ ಮೊದಲು ಬದಲಿಸಿ. ಆಗಲೂ ಹಾಗೇ ಇದ್ದರೆ ರೂಟರಿನ ಪೋರ್ಟ್ ಗಿಗಾಬಿಟ್ಟಾ ಅಂತ ಡಬ್ಬದ ಮೇಲೆ ನೋಡಿ. ವೈಫೈ ತೊಂದರೆ ಆಗಿದ್ದರೆ ನಂಬರ್ ಹೀಗೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಕುಣಿಯುತ್ತಿತ್ತು.

ಎರಡನೇದು. ಮೇಲಿನ ಮನೆ ಹುಡುಗರನ್ನು ಬಿಟ್ಟುಬಿಡಿ. ಎಸ್ಪ್ರೆಸಿಫ್ ಚಿಪ್ ಮಾಡೋ ಕಂಪನಿ. ನಿಮ್ಮ ಮನೆಯಲ್ಲಿ ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಪ್ಲಗ್ ಎಷ್ಟಿವೆ?

ಕೊಥ್ರೂಡ್ ಕಟ್ಟೆ

...ಎರಡು ಬಲ್ಬ್, ಗೀಸರ್‌ಗೆ ಒಂದು ಪ್ಲಗ್.

ತಂತಿಮೀಟು, ಠಾಣೆ

ಮೂವರೂ ಸಿಕ್ಕರು. ಉಳಿದವುಗಳಲ್ಲಿ ಟಿವಿ, ಪ್ರಿಂಟರ್, ವಾಚ್, ಹಳೇ ಟ್ಯಾಬ್ ಎಣಿಸಿ. ಫೋನ್‌ಗಳ ವಿಷಯದಲ್ಲಿ ಒಂದು ಗೊಂದಲ ಇದೆ. ಐಒಎಸ್ 14, ಆಂಡ್ರಾಯ್ಡ್ 10ರಿಂದ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ (ಪ್ರತಿ ಡಿವೈಸಿನ ನೆಟ್‌ವರ್ಕ್ ಗುರುತು) ಕೊಡೋದಿಲ್ಲ, ಪ್ರತಿ ವೈಫೈಗೂ ಒಂದೊಂದು ಸುಳ್ಳು ವಿಳಾಸ ಮಾಡಿ ಕೊಡುತ್ತವೆ. ಕಂಪನಿಯ ಹೆಸರು ಕಾಣದೆ "ಅನ್‌ನೋನ್" ಅಂತ ಬರೋದು ಅದಕ್ಕೇ. ಗುರುತಿಸೋದು ಸುಲಭ. ಮ್ಯಾಕ್ ವಿಳಾಸದ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾದರೆ ಅದು ಹಾಗೆ ಮಾಡಿಕೊಂಡ ವಿಳಾಸ.

ಇದನ್ನು ಐಫೋನ್ ಆಪ್‌ನಲ್ಲಿ ನೋಡೋಕೆ ಹೋಗಬೇಡಿ. ಐಒಎಸ್ 11ರಿಂದ ಬೇರೆ ಡಿವೈಸ್‌ಗಳ ಮ್ಯಾಕ್ ವಿಳಾಸ ಆಪ್‌ಗಳಿಗೆ ಕಾಣದ ಹಾಗೆ ಮಾಡಿದ್ದಾರೆ. ಹೊಸ ಆಂಡ್ರಾಯ್ಡ್‌ನಲ್ಲೂ ಅದೇ ಕತೆ. ಸರಿಯಾದ ಪಟ್ಟಿ ರೂಟರಿನ ಪೇಜಿನಲ್ಲೇ ಇರುತ್ತದೆ. ಬ್ರೌಸರ್‌ನಲ್ಲಿ 192.168.1.1 ಹಾಕಿ ಒಳಗೆ ಹೋಗಿ. ಹೋದವರು ಹಾಗೇ ಎರಡು ಕೆಲಸ ಮಾಡಿ ಬನ್ನಿ: ಅಡ್ಮಿನ್ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಅಂತಲೇ ಇದ್ದರೆ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹಾಕದೆ ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರೋ ಸೌಲಭ್ಯ) ಆನ್ ಇದ್ದರೆ ಆಫ್ ಮಾಡಿ.

ಮತ್ತೆ, ಫಿಂಗ್ ಥರದ್ದನ್ನು ಆಫೀಸ್ ವೈಫೈನಲ್ಲಿ ತಮಾಷೆಗೂ ಓಡಿಸಬೇಡಿ. ಐಟಿಯವರ ಫೋನ್ ಬರುತ್ತದೆ.

ಮಾಟುಂಗಾ ಫಿಲ್ಟರ್

ಗೀಸರ್‌ಗೂ ಇಂಟರ್ನೆಟ್ಟೇ? ಇರಲಿ. ಹನ್ನೆರಡೂವರೆಗೆ ನಮ್ಮಲ್ಲಿ ಅನ್ನ ಬಿಸಿ ಮಾಡುವಾಗ ಅಡುಗೆಮನೆಯಲ್ಲಿ ಮೊಬೈಲ್ ನಿಲ್ಲುತ್ತದೆ. ಇದೂ ನೆರೆಯವರದ್ದೇ?

ತಂತಿಮೀಟು, ಠಾಣೆ

ಅಲ್ಲ ರಾಯರೇ, ನಿಮ್ಮ ಮೈಕ್ರೊವೇವ್‌ದು. ಅದು ಓಡೋದು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈಯ ಹಳೇ ಜಾಗದಲ್ಲೇ. ಆಪ್‌ನಲ್ಲಿ ಹುಡುಕಿದರೂ ಕಾಣೋದಿಲ್ಲ, ಯಾಕೆಂದರೆ ಆಪ್‌ಗೆ ಕಾಣೋದು ಹೆಸರಿಟ್ಟುಕೊಂಡ ವೈಫೈಗಳು ಮಾತ್ರ. ಮೈಕ್ರೊವೇವ್, ಬ್ಲೂಟೂತ್ ಸ್ಪೀಕರ್ ಇವು ಯಾವುವೂ ಆ ಚಿತ್ರದಲ್ಲಿ ಬರೋದಿಲ್ಲ. ಫೋನನ್ನು 5ರ ಹೆಸರಿಗೆ ಹಾಕಿಕೊಳ್ಳಿ, ಅನ್ನವೂ ಬಿಸಿ, ಯಕ್ಷಗಾನವೂ ನಿಲ್ಲದು.

ಮುರಕಲ್ಲು ಮನೆ, ಫೋಂಡಾ

ಮಾರಾಯ್ರೆ, ನಮ್ಮದು ಬೇರೆಯೇ ಕತೆ. ಗೋವಾದ ಹಳೇ ಮುರಕಲ್ಲಿನ ಮನೆ, ಬಾಡಿಗೆಗೆ. ಗೋಡೆ ಒಂದೂವರೆ ಅಡಿಗೂ ಮೇಲೆ. ಆಪ್‌ನಲ್ಲಿ ನೋಡಿದರೆ ನೆರೆಹೊರೆಯವರ ವೈಫೈ ಒಂದೂ ಇಲ್ಲ, ನಮ್ಮದೊಂದೇ ಗುಡ್ಡ. ಚಾನೆಲ್ ಯಾವುದು ಬೇಕಾದರೂ ಹಾಕಬಹುದು! ಆದರೆ ರೂಟರಿನ ಕೋಣೆ ಬಿಟ್ಟು ಪಕ್ಕದ ಕೋಣೆಗೆ ಹೋದರೆ -72. ಅಂಗಳದ ಆಚೆ, ಸುಮಾರು 40 ಮೀಟರ್ ದೂರದಲ್ಲಿ ಎರಡು ಕೋಣೆಯ ಔಟ್‌ಹೌಸ್ ಇದೆ. ಅಲ್ಲಿ ಏನೂ ಬರೋದಿಲ್ಲ. ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ಎಕ್ಸ್‌ಟೆಂಡರ್ ಒಂದು ತಂದು ಪಕ್ಕದ ಕೋಣೆಯಲ್ಲಿಟ್ಟೆ. ಕಡ್ಡಿ ನಾಲ್ಕೂ ತೋರಿಸುತ್ತದೆ, ಸ್ಪೀಡ್ ಮಾತ್ರ ಇಲ್ಲ.

ತಂತಿಮೀಟು, ಠಾಣೆ

ಆ ನಾಲ್ಕು ಕಡ್ಡಿ ಎಕ್ಸ್‌ಟೆಂಡರಿನದ್ದು. ಅದಕ್ಕೇ ಸಿಗ್ನಲ್ -72ರಲ್ಲಿ ಬರುತ್ತಿದ್ದರೆ ಅದು ತಾನೇ ಎಲ್ಲಿಂದ ಕೊಡಬೇಕು? ಮೇಲೆ ಒಂದೇ ರೇಡಿಯೊದ ಎಕ್ಸ್‌ಟೆಂಡರ್ ಆದರೆ ಕೇಳೋದೂ ಹೇಳೋದೂ ಅದರಲ್ಲೇ, ಸ್ಪೀಡ್ ಅಲ್ಲೇ ಅರ್ಧ. ಅದನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಡಬಾರದು. ರೂಟರಿಂದ ಇನ್ನೂ -60 ಸುಮಾರು ಸಿಗುವ ಜಾಗದಲ್ಲಿ, ಬಾಗಿಲ ಸಾಲಿನಲ್ಲಿ ಇಡಬೇಕು. ಆಪ್ ಹಿಡಿದು ಆ ಜಾಗ ಹುಡುಕಿ. ಮುರಕಲ್ಲಿನ ಮನೆಯಲ್ಲಿ ಬಾಗಿಲು ಮತ್ತು ಕಿಟಕಿಯೇ ಸಿಗ್ನಲ್‌ಗೆ ದಾರಿ.

ಔಟ್‌ಹೌಸ್‌ಗೆ ಮಾತ್ರ ವೈಫೈ ನಂಬಬೇಡಿ, ಕೇಬಲ್ ಎಳೆಯಿರಿ. ಕ್ಯಾಟ್ 6 ಕೇಬಲ್ 100 ಮೀಟರ್ ತನಕ ಹೋಗುತ್ತದೆ, 40 ಏನೂ ಅಲ್ಲ.

ಬೈನಾ ಬ್ರಾಡ್‌ಬ್ಯಾಂಡ್, ವಾಸ್ಕೊ

ತಂತಿಮೀಟು ಸರ್, ಇಲ್ಲಿ ಮಾತ್ರ ನಾನು ಒಪ್ಪೋದಿಲ್ಲ. ಗೋವಾದಲ್ಲಿ ಮಳೆಗಾಲದ ಮೊದಲು, ಆಮೇಲೆ ಮಳೆ ಹಿಂದೆ ಸರಿಯುವಾಗ ಸಿಡಿಲು ಹೇಗಿರುತ್ತೆ ಗೊತ್ತಲ್ಲ. ಅಂಗಳ ದಾಟಿ ತಾಮ್ರದ ಕೇಬಲ್ ಎಳೆದರೆ ಹತ್ತಿರ ಎಲ್ಲಾದರೂ ಸಿಡಿಲು ಹೊಡೆದಾಗ ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಒಂದೊಂದು ಸಲ ಟಿವಿಯೂ ಜೊತೆಗೆ ಹೋಗುತ್ತದೆ. ಎರಡು ಕಟ್ಟಡದ ನಡುವೆ ಫೈಬರ್ ಹಾಕಿ. ಗಾಜಿನಲ್ಲಿ ಕರೆಂಟ್ ಹರಿಯೋದಿಲ್ಲ.

ತಂತಿಮೀಟು, ಠಾಣೆ

ನೀವು ಹೇಳಿದ್ದೇ ಸರಿ. ಕಟ್ಟಡದ ಒಳಗೆ ಕ್ಯಾಟ್ 6, ಆಚೆಗೆ ಫೈಬರ್.

ಮುರಕಲ್ಲು ಮನೆ, ಫೋಂಡಾ

ಫೈಬರ್ ಅಂದರೆ ತುಂಬಾ ಖರ್ಚಲ್ವಾ? ಏನೇನು ತರಬೇಕು ಸ್ವಲ್ಪ ಬಿಡಿಸಿ ಹೇಳಿ.

ಬೈನಾ ಬ್ರಾಡ್‌ಬ್ಯಾಂಡ್, ವಾಸ್ಕೊ

ನೀವು ಅಂದುಕೊಂಡಷ್ಟು ಇಲ್ಲ. ಹೊರಗೆ ಹಾಕೋ ಡ್ರಾಪ್ ಕೇಬಲ್ 50 ಮೀಟರ್ ತನ್ನಿ, ಎರಡು ತುದಿಗೂ ಕನೆಕ್ಟರ್ ಹಾಕಿಸಿದ್ದು ಸಿಗುತ್ತದೆ. ಅದರಲ್ಲಿ ಭಾರ ಹೊರೋಕೆ ಒಂದು ಉಕ್ಕಿನ ತಂತಿ ಕೂಡಿಸಿರುತ್ತಾರೆ. ಸಿಡಿಲಿನ ಭಯಕ್ಕೆ ಹಾಕ್ತಿರೋದರಿಂದ ಆ ತಂತಿ ಇಲ್ಲದ್ದು, ಪೂರ್ತಿ ಲೋಹ ಇಲ್ಲದ್ದು ಕೇಳಿ. ಪಿವಿಸಿ ಪೈಪಿನಲ್ಲಿ ಹಾಕಿ ಅಂಗಳದ ಅಂಚಿಗೆ ಹೂತುಬಿಡಿ, ತಿರುವಿನಲ್ಲಿ ಎಲ್ಬೋ ಬೇಡ, ಉದ್ದದ ಬೆಂಡ್ ಹಾಕಿ. ಆಮೇಲೆ ಫೈಬರಿನ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್‌ಗೆ ಬದಲಿಸೋ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಒಂದು ಜೋಡಿ. ಒಂದು ರೂಟರ್ ಪಕ್ಕ, ಇನ್ನೊಂದು ಔಟ್‌ಹೌಸ್‌ನಲ್ಲಿ. ಅಲ್ಲಿಂದ ಹಳೇ ರೂಟರ್ ಯಾವುದಿದ್ದರೂ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹರಡೋ ಕೆಲಸ) ಹಾಕಿ ಜೋಡಿಸಿ.

ಅಂಗಡಿಯಲ್ಲಿ ಒಂದು ನೋಡಿಕೊಳ್ಳಿ. ಒಂದೇ ಎಳೆ ಫೈಬರಿನ ಕನ್ವರ್ಟರ್ ಆದರೆ ಒಂದು ಎ, ಒಂದು ಬಿ ಇರಬೇಕು. ಒಂದರ ಬೆಳಕು 1310 ನ್ಯಾನೊಮೀಟರ್, ಇನ್ನೊಂದರದ್ದು 1550. ಎರಡೂ ಎ ಕೊಟ್ಟು ಕಳಿಸಿದರೆ ಲಿಂಕ್ ದೀಪ ಹತ್ತೋದೇ ಇಲ್ಲ. ಬಿಲ್ ಹಾಕಿಸುವ ಮೊದಲು ಎರಡನ್ನೂ ಕೌಂಟರ್ ಮೇಲಿಟ್ಟು, ಒಂದು ಮೀಟರ್ ಪ್ಯಾಚ್ ಕಾರ್ಡ್ ಚುಚ್ಚಿ, ದೀಪ ಹಸಿರಾಗೋದು ನೋಡಿಕೊಂಡೇ ಬನ್ನಿ.